ಆರೂವರೆ ವರ್ಷದ ಹುಡುಗನಿಗೆ ಸಣ್ಣ ಕ್ವಾಡ್ ಬೈಕ್: 49 ಸಿಸಿ, 110 ಸಿಸಿ, ಬ್ಯಾಟರಿ, ಯಾವುದು ತಗೋಬೇಕು?

ಹೊಲದಮನಿ, ತಿಕೋಟಾ

ಎಲ್ಲಾರಿಗೂ ನಮಸ್ಕಾರ್ರಿ. ಮಗನಿಗೆ ಆರೂವರೆ ವರ್ಷ, ಎತ್ತರ 116 ಸೆಂ.ಮೀ., ತೂಕ 20 ಕೆಜಿ. ಸೈಕಲ್ ಛಲೋ ಹೊಡೀತಾನ, ಸಪೋರ್ಟ್ ಗಾಲಿ ಬೇಕಾಗಿಲ್ಲ. ದ್ರಾಕ್ಷಿ ಪಡದ ಬಾಜೂಕ ಖಾಲಿ ಜಾಗ ಐತಿ, ಅಲ್ಲಿ ಓಡಿಸಾಕ ಸಣ್ಣ ಕ್ವಾಡ್ ಬೈಕ್, ಅಂದ್ರ ನಾಕು ಗಾಲಿ ಬೈಕ್, ಕೊಡಸಬೇಕಂತ ಮಾಡೇವಿ. ಮೂರು ಕಣ್ಣಿಗೆ ಬಿದ್ದಾವ. ಒಂದು, ಆನ್‌ಲೈನ್‌ದಾಗ ಸಿಗೂ 49 ಸಿಸಿ ಟೂ ಸ್ಟ್ರೋಕ್, ಹಗ್ಗ ಜಗ್ಗಿ ಸ್ಟಾರ್ಟ್ ಮಾಡೂದು. ಎರಡನೇದು ಬೆಳಗಾವ್ಯಾಗ ಇರೂ ಸೆಕೆಂಡ್ ಹ್ಯಾಂಡ್ 110 ಸಿಸಿ, ಸೆಲ್ಫ್ ಸ್ಟಾರ್ಟು, ರಿವರ್ಸೂ ಐತಿ. ಮೂರನೇದು 36 ವೋಲ್ಟ್ ಬ್ಯಾಟರಿ ಗಾಡಿ. ನಮ್ಮ ಅಣ್ಣಾರು, "110 ತಗೋ, ಹುಡುಗ ಬೆಳದ ಮ್ಯಾಲೂ ನಡೀತೈತಿ, ಸದ್ಯಕ್ಕ ರೇಸ್ ಕಮ್ಮಿ ಮಾಡಿಸಿ ಕೊಡು" ಅಂತಾರ. ರೊಕ್ಕ ಉಳೀತೈತಿ ಖರೆ, ಆದ್ರ ಮನಸಿಗೆ ಬರವಲ್ದು. ಗೊತ್ತಿದ್ದವರು ಹೇಳ್ರಿ. ನೋಡೂಮುಂದ ಏನೇನು ಚೆಕ್ ಮಾಡಬೇಕು ಅದೂ ಹೇಳ್ರಿ.

ಉದ್ಯಮಬಾಗ ಮಿಸ್ತ್ರಿ, ಬೆಳಗಾವಿ

110 ಬ್ಯಾಡ್ರಿ. ಲಿಮಿಟರ್ ಸ್ಕ್ರೂ ತಿರುವಿದ್ರ ವೇಗ ಕಮ್ಮಿ ಆಗ್ತೈತಿ, ಗಾಡಿ ತೂಕ ಕಮ್ಮಿ ಆಗೂದಿಲ್ಲ. ಆ ಗಾಡಿಗೋಳು 80ರಿಂದ 100 ಕೆಜಿ, ಕೆಲವು ಅದಕ್ಕಿಂತ ಜಾಸ್ತಿ. ಹುಡುಗ 20 ಕೆಜಿ. ಕ್ವಾಡ್ ತಿರುಗೂಮುಂದ ಸವಾರ ಒಳಗಿನ ಬಾಜೂಕ ಮೈ ವಾಲಿಸಬೇಕು, ಹಂಗ ವಾಲಿಸಿದ್ರನ ಗಾಡಿ ನೆಲ ಹಿಡಿದು ತಿರುಗ್ತೈತಿ. 100 ಕೆಜಿ ಗಾಡಿ ಮ್ಯಾಲ 20 ಕೆಜಿ ಹುಡುಗ ಎಷ್ಟು ವಾಲಿದ್ರೂ ಗಾಡಿಗೆ ಗೊತ್ತಾಗೂದಿಲ್ಲ. ಅದರ ಮ್ಯಾಲ ಹಿಂದಿನ ಎರಡೂ ಗಾಲಿ ಒಂದ ಎಕ್ಸೆಲ್‌ಗೆ ಬಿಗಿದಿರ್ತಾವ, ಕಾರಿನಂಗ ಎರಡೂ ಗಾಲಿ ಬ್ಯಾರೆ ಬ್ಯಾರೆ ವೇಗದಾಗ ತಿರುಗಸೂ ಡಿಫರೆನ್ಶಿಯಲ್ ಇರೂದಿಲ್ಲ. ತಿರುವಿನಾಗ ಒಳಗಿನ ಗಾಲಿ ಜಾರಲೇಬೇಕು. ಜಾರಲಿಲ್ಲಂದ್ರ ಹ್ಯಾಂಡಲ್ ತಿರುವಿದ್ರೂ ಗಾಡಿ ನೆಟ್ಟಗ ಹೋಗ್ತೈತಿ, ಇಲ್ಲಾ ಒಮ್ಮೆಲೆ ಹಿಡಿದು ಮಗ್ಗಲಿಗೆ ಎತ್ತಿ ಒಗೀತೈತಿ. ಬಿದ್ದ ಮ್ಯಾಲ ಗಾಡಿ ಹುಡುಗನ ಎದಿ ಮ್ಯಾಲ ಕುಂತಿತಂದ್ರ ಒಬ್ಬರ ಕೈಲೇ ಎತ್ತಾಕ ಆಗೂವಷ್ಟು ಹಗರ ಇರಬೇಕು. ಇದು ನನ್ನ ಮೊದಲನೇ ಪರೀಕ್ಷಾ: ಮನ್ಯಾಗ ಹುಡುಗನ ಜೋಡಿ ನಿಲ್ಲವರು ಯಾರೋ, ಅವ್ವ ಇರಲಿ ಅಜ್ಜ ಇರಲಿ, ಅವರು ಒಬ್ಬರ ಗಾಡಿಯ ಒಂದು ಮಗ್ಗಲ ಎತ್ತಿ ತೋರಸಬೇಕು. ಆಗಲಿಲ್ಲಂದ್ರ ಆ ಗಾಡಿ ಬ್ಯಾಡ.

ಅಮೇರಿಕಾದ ಎಎನ್‌ಎಸ್‌ಐ ಸ್ಟ್ಯಾಂಡರ್ಡ್‌ದಾಗ ಈಗ ಸಿಸಿ ಲೆಕ್ಕಾ ಇಲ್ಲ, ವಯಸ್ಸು ಮತ್ತ ವೇಗದ ಲೆಕ್ಕಾ ಐತಿ. 6 ವರ್ಷ ಮ್ಯಾಲ್ಪಟ್ಟವರ ಗಾಡಿ ಲಿಮಿಟರ್ ಹಾಕಿದಾಗ ತಾಸಿಗೆ 10 ಮೈಲಿ ಅಂದ್ರ 16 ಕಿ.ಮೀ., ಲಿಮಿಟರ್ ತಗದ್ರೂ 15 ಮೈಲಿ ಅಂದ್ರ 24 ಕಿ.ಮೀ. ದಾಟಬಾರದು. 10 ವರ್ಷದ ಮ್ಯಾಲಿನವರಿಗೆ ಅದು 24 ಮತ್ತ 48. ಯಮಾಹಾ ವೈಎಫ್‌ಝಡ್50, ಪೋಲಾರಿಸ್ ಔಟ್‌ಲಾ 70 ಇವು 6 ವರ್ಷದ ಗುಂಪಿನವು, ರ‍್ಯಾಪ್ಟರ್ 90 ಹತ್ತು ವರ್ಷದ್ದು. ನೀವು ನೋಡಿದಂಥ 110 ಗಾಡಿ ಸ್ಕ್ರೂ ಸಡಿಲ ಮಾಡಿದ್ರ 45 ಕಿ.ಮೀ. ತನಕ ಹೋಗ್ತಾವ. ಸಡಿಲ ಮಾಡಾಕ ಒಂದು ಪಾನಾ ಸಾಕು. ಮನಿಗೆ ಬಂದ ಅಣ್ಣತಮ್ಮಂದಿರ ಮಕ್ಕಳು ಯಾರಾದ್ರೂ ಮಾಡಿಬಿಡ್ತಾರ.

ಅಳತಿ ಹಿಂಗ ನೋಡ್ರಿ. ಗಾಡಿ ಬಂದ್ ಇದ್ದಾಗ ಹುಡುಗನ್ನ ಫುಟ್‌ರೆಸ್ಟ್ ಮ್ಯಾಲ ನಿಂದರಸ್ರಿ. ಸೀಟಿಗೂ ತೊಡೆಸಂದಿಗೂ ನಡುವ 3ರಿಂದ 6 ಇಂಚು ಅಂತರ ಇರಬೇಕು. ಅದಕ್ಕಿಂತ ಕಮ್ಮಿ ಇದ್ರ ತಗ್ಗು ಹಾರಿದಾಗ ಸೀಟು ಕೆಳಗಿಂದ ಹೊಡೀತೈತಿ, ಜಾಸ್ತಿ ಇದ್ರ ಗಾಡಿ ಸಣ್ಣದಾತು. ಕುಂತಾಗ ತೊಡೆ ಹೆಚ್ಚೂಕಮ್ಮಿ ನೆಲಕ್ಕ ಸಮ ಇರಬೇಕು. ಆಮ್ಯಾಲ ಕೈ: ಗ್ರಿಪ್ ಮ್ಯಾಲ ಅಂಗೈ ಇಟ್ಟು ಬೆರಳು ನೆಟ್ಟಗ ಚಾಚಿದ್ರ ನಡುಬೆರಳಿನ ತುದಿಯ ಮೊದಲನೇ ಗೆಣ್ಣು ಬ್ರೇಕ್ ಲಿವರ್ ದಾಟಬೇಕು. ದಾಟಲಿಲ್ಲಂದ್ರ ಬ್ರೇಕ್ ಹಿಡಿಯಾಕ ಗ್ರಿಪ್ ಬಿಡಬೇಕಾಗ್ತೈತಿ. ಇದನ್ನ ಹ್ಯಾಂಡಲ್ ಪೂರ್ತಿ ಎಡಕ್ಕ ತಿರುವಿ ಒಮ್ಮೆ, ಬಲಕ್ಕ ತಿರುವಿ ಒಮ್ಮೆ ನೋಡ್ರಿ. ನೆಟ್ಟಗಿದ್ದಾಗ ಮುಟ್ಟೂ ಕೈ ತಿರುವಿದಾಗ ಮುಟ್ಟೂದಿಲ್ಲ, ಮತ್ತ ಹುಡುಗ್ರು ಬೀಳೂದು ತಿರುವಿನ್ಯಾಗ.

ಇನ್ನ 49 ಸಿಸಿ ಟೂ ಸ್ಟ್ರೋಕ್. ತೂಕ ಸೈಜಿನಾಗ ಇದು ಸರಿ, ಆದ್ರ ಕಾರ್ಖಾನಿಯಿಂದ ಬಂದಂಗ ಹುಡುಗನ ಕೈಗೆ ಕೊಡಬ್ಯಾಡ್ರಿ. ಪೂರಾ ನಟ್ ಬೋಲ್ಟ್ ಒಮ್ಮೆ ಬಿಗೀಬೇಕು. ಎಕ್ಸೆಲ್ ನಟ್‌ಗೆ ಸ್ಪ್ಲಿಟ್ ಪಿನ್ ಐತಿಲ್ಲೋ ನೋಡ್ರಿ, ಮುಂದಿನ ಗಾಲಿ ನಟ್ ನೈಲಾನ್ ಇರೂದು ಹಾಕಸ್ರಿ. ಹಿಂದಿನ ಗಾಲಿ ಎತ್ತಿ ಸ್ಟ್ಯಾಂಡ್ ಮ್ಯಾಲ ಇಟ್ಟು ಸ್ಟಾರ್ಟ್ ಮಾಡ್ರಿ. ರೇಸ್ ಮುಟ್ಟದನ ಗಾಲಿ ತಿರಗಾಕತ್ತಿದ್ರ ಐಡಲ್, ಅಂದ್ರ ರೇಸ್ ಕೊಡದಾಗಿನ ಎಂಜಿನ್ ವೇಗ, ಜಾಸ್ತಿ ಆಗೇತಿ ಅಂತ ತಿಳ್ಕೋರಿ. ಸೆಂಟ್ರಿಫ್ಯೂಗಲ್ ಕ್ಲಚ್ ಇದ್ದ ಗಾಡಿ ಅದು, ಐಡಲ್ ಏರಿದ್ರ ಕ್ಲಚ್ ತಾನ ಹಿಡೀತೈತಿ, ಬ್ರೇಕ್ ಬಿಟ್ಟ ಕೂಡ್ಲೆ ಗಾಡಿ ಮುಂದ ಜಿಗೀತೈತಿ. ಕಾರ್ಬುರೇಟರ್‌ನ ಐಡಲ್ ಸ್ಕ್ರೂ ಗಾಲಿ ನಿಲ್ಲೂ ತನಕ ಬಿಚ್ಚಬೇಕು.

ರೇಸ್ ಕೇಬಲ್ ಇನ್ನೊಂದು. ಎಂಜಿನ್ ಚಾಲೂ ಇಟ್ಟು, ಗಾಲಿ ಎತ್ತಿದ ಸ್ಥಿತಿಯೊಳಗ ಹ್ಯಾಂಡಲ್ ಎಡಕ್ಕ ಬಲಕ್ಕ ಪೂರ್ತಿ ತಿರುವ್ರಿ. ತಿರುವಿದಾಗ ಎಂಜಿನ್ ಸಪ್ಪಳ ಏರಿದ್ರ ಕೇಬಲ್ ಬಿಗಿ ಐತಿ ಅಥವಾ ಎಲ್ಲೋ ಸಿಕ್ಕೊಂಡೈತಿ. ತಿರುವಿನ್ಯಾಗ ಹುಡುಗ ರೇಸ್ ಲಿವರ್ ಮ್ಯಾಲಿನ ಹೆಬ್ಬೆರಳು ಬಿಟ್ರೂ ಗಾಡಿ ಓಡ್ತೈತಿ. ಹೆಬ್ಬೆರಳು ಬಿಟ್ಟ ಕೂಡ್ಲೆ ಲಿವರ್ ಟಕ್ ಅಂತ ವಾಪಸ್ ಬರಬೇಕು, ನಿಧಾನಕ್ಕ ಬಂದ್ರ ಕೇಬಲ್ ಬದಲಿ ಮಾಡ್ರಿ, ಎಣ್ಣಿ ಹಾಕಿ ಸುಮ್ಮನಾಗಬ್ಯಾಡ್ರಿ. ಎರಿ ಮಣ್ಣಿನ ಧೂಳ ಎಣ್ಣಿಗೆ ಅಂಟಿ ಮತ್ತ ಜಾಮ್ ಆಗ್ತೈತಿ.

ಕಿಲ್ ಸ್ವಿಚ್, ಅಂದ್ರ ಹಗ್ಗ ಜಗ್ಗಿದ್ರ ಎಂಜಿನ್ ಬಂದ್ ಮಾಡೂ ಸ್ವಿಚ್, ಅದರ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಈ ಟೂ ಸ್ಟ್ರೋಕ್ ಗಾಡಿಗಳಾಗ ಸಾಮಾನ್ಯವಾಗಿ ಸ್ವಿಚ್ ಇಗ್ನಿಷನ್ ಕಾಯಿಲ್‌ನ ಬಾಡಿಗೆ ಅರ್ಥ್ ಮಾಡಿ ಎಂಜಿನ್ ನಿಲ್ಲಸ್ತೈತಿ. ಅಂದ್ರ ಆ ವೈರ್ ಕಡದಿದ್ರ, ಕನೆಕ್ಟರ್ ಸಡಿಲಾಗಿದ್ರ, ಎಂಜಿನ್ ಬಂದ್ ಆಗೂದಿಲ್ಲ, ಓಡ್ತಾನ ಇರ್ತೈತಿ. ಅದಕ್ಕ ಪ್ರತಿ ಸರ್ತಿ ಸ್ಟಾರ್ಟ್ ಮಾಡಿದ ಮ್ಯಾಲ ಹುಡುಗ ಏರೂ ಮುಂಚೆ ಆ ಸ್ವಿಚ್ಚಿನ ಹಗ್ಗ ಜಗ್ಗಿ ಎಂಜಿನ್ ಸಾಯ್ತೈತಿಲ್ಲೋ ನೋಡಬೇಕು. ಹಗ್ಗ ಎರಡೂವರೆ ಮೀಟರ್ ಮಾಡ್ಕೊಂಡು ದೊಡ್ಡವರು ಹಿಂದಿಂದ ನಡದ್ರ ಶುರುವಿಗೆ ಛಲೋ. ಎಂಜಿನ್ ಬಂದ್ ಆದ್ರ ಗಾಡಿ ನಿಂತಂಗಲ್ಲ, ಇದನ್ನೂ ತಿಳ್ಕೋರಿ. ಎಂಜಿನ್ ಇಳದ ಕೂಡ್ಲೆ ಕ್ಲಚ್ ಬಿಡ್ತೈತಿ, ಇಳಿಜಾರಿನಾಗ ಗಾಡಿ ಉರುಳಕೋಂತ ಹೋಗ್ತೈತಿ. ಬ್ರೇಕ್ ಬೇಕೇ ಬೇಕು.

ಚೈನ್ ಕವರ್ ಇಲ್ಲದ ಗಾಡಿ ಬರ್ತಾವ. ಪತ್ರಾ ಕತ್ತರಿಸಿ ಸ್ಪ್ರಾಕೆಟ್ ಪೂರಾ ಮುಚ್ಚೂವಂಗ ಮಾಡಸ್ರಿ. ಫುಟ್‌ರೆಸ್ಟ್‌ಗೂ ಹಿಂದಿನ ಗಾಲಿಗೂ ನಡುವ ತೆರವು ಇದ್ರ ಕಾಲು ಜಾರಿ ಗಾಲಿ ಕೆಳಗ ಹೋಗ್ತೈತಿ. ಅಲ್ಲಿ ಪೈಪ್ ಬೆಸಿಗಿ ಹಾಕಿ ಪಟ್ಟಿ ಬಿಗೀರಿ. ನಿಮ್ಮೂರ ಯಾವ ವೆಲ್ಡಿಂಗ್ ಅಂಗಡ್ಯಾಗಾದ್ರೂ ಆಗೂ ಕೆಲಸ ಇವು.

ಮಸಾರಿ ಹೊಲ, ಇಂಡಿ

ಮಿಸ್ತ್ರಿ ಅಣ್ಣಾರು ಗಾಡಿ ಬಗ್ಗೆ ಬರೋಬ್ಬರಿ ಹೇಳ್ಯಾರ. ನಾನು ಜಾಗದ ಬಗ್ಗೆ ಹೇಳ್ತೀನಿ, ಯಾಕಂದ್ರ "ದ್ರಾಕ್ಷಿ ಪಡದ ಬಾಜೂಕ" ಅಂದದ್ದು ಓದಿ ಎದಿ ಧಸಕ್ ಅಂತು.

ದ್ರಾಕ್ಷಿ ಸಾಲಿನ ತುದಿಗೆ ಕಂಬಾ ಜಗ್ಗಿ ಹಿಡದ ತಂತಿ ಓರೆಯಾಗಿ ನೆಲಕ್ಕ ಬಂದಿರ್ತಾವ. ದೊಡ್ಡವರಿಗೆ ಮೊಣಕಾಲಿಗೋ ಸೊಂಟಕ್ಕೋ ತಾಗೂ ತಂತಿ, ಸಣ್ಣ ಗಾಡಿ ಮ್ಯಾಲ ಕುಂತ ಹುಡುಗನ ಕುತ್ತಿಗಿ ಮಟ್ಟಕ್ಕ ಬರ್ತದ. ಬಿಸಿಲಾಗ ಆ ತಂತಿ ಕಾಣೂದ ಇಲ್ಲ. ಮುಳ್ಳತಂತಿ ಬೇಲಿನೂ ಹಂಗ. ಸಾಲಿನ ತುದಿಯಿಂದ 10 ಮೀಟರ್ ಒಳಗ ಗಾಡಿ ಬರದಂಗ ಅಡ್ಡಗಟ್ಟಿ ಮಾಡ್ರಿ, ತಂತಿಗೆ ಕೆಂಪು ಬಟ್ಟಿ ಕಟ್ರಿ. ಬಟ್ಟಿ ಕಟ್ಟಿದ್ದು ನೆಪ್ಪಿಗೆ ಅಷ್ಟ, ಅಡ್ಡಗಟ್ಟಿ ಬೇಕ ಬೇಕು. ಹಳೇ ಟ್ರ್ಯಾಕ್ಟರ್ ಟಾಯರ್ ಮಲಗಿಸಿ ಇಟ್ರೂ ನಡೀತದ.

ತೆರೆದ ಬಾವಿ, ಕೃಷಿ ಹೊಂಡ, ಕಾಲುವಿ ಇದ್ರ ಅದರ ಕಡೆ ಮುಖ ಮಾಡಿ ಗಾಡಿ ಓಡೂವಂಗ ಇರಬಾರದು. ಹೊಂಡದ ಪ್ಲಾಸ್ಟಿಕ್ ಹಾಳಿ ಮ್ಯಾಲ ಬಿದ್ದ ಹುಡುಗ ತಾನಾಗಿ ಮ್ಯಾಲ ಹತ್ತಿ ಬರಲಾರ, ಜಾರತದ. ಬೇಲಿ ಇಲ್ಲದ ಹೊಂಡ ಹತ್ತಿರ ಇದ್ರ ಮೊದಲು ಹೊಂಡಕ್ಕ ಬೇಲಿ ಹಾಕ್ರಿ, ಗಾಡಿ ಆಮ್ಯಾಲ.

ಎರಿ ಭೂಮ್ಯಾಗ ಬ್ಯಾಸಿಗ್ಯಾಗ ಬಿರುಕು ಬಿಡ್ತಾವ. ಸಣ್ಣ ಕ್ವಾಡಿನ ಗಾಲಿ ರಿಮ್ 6 ಇಂಚಿಂದು, ಮುಂದಿನ ಗಾಲಿ ಬಿರುಕಿನಾಗ ಕುಂತ್ರ ಹ್ಯಾಂಡಲ್ ಕೈಯಾಗಿಂದ ತಿರುಚಿಕೊಂಡು ಹೋಗ್ತದ, ಹುಡುಗ ಮುಂದ ಬೀಳ್ತಾನ. ಮಳಿ ಆದ ಮ್ಯಾಲ ಅದ ಮಣ್ಣು ಮಡ್‌ಗಾರ್ಡ್ ಒಳಗ, ಚೈನ್ ಮ್ಯಾಲ ಮೆತ್ತಿ ಗಾಲೀನ ನಿಲ್ಲಸ್ತದ. ತೊಗರಿ, ಹತ್ತಿ ಕೊಯ್ದ ಹೊಲದ ಕೂಳಿ ಇನ್ನೂ ಕೆಟ್ಟದ್ದು, ಟಾಯರ್‌ಗೂ ಬಿದ್ದ ಹುಡುಗನಿಗೂ ಚುಚ್ಚತದ. ಮಸಾರಿ ನೆಲ ಇಲ್ಲಾ ಗರಸು ಹಾಕಿ ರೋಲರ್ ಹೊಡದ ಜಾಗ ಬೇಕು, ಕಣದಂಗ ಸಪಾಟ. 40 ಮೀಟರ್ ಉದ್ದ, 20 ಮೀಟರ್ ಅಗಲ ಶುರುವಿಗೆ ಧಾರಾಳ ಆತು. ಬದು ಹತ್ತಿಸೂದು ಬ್ಯಾಡ್ರಿ. ಬದುವಿನ ಮ್ಯಾಲ ಓರೆ ಹೋದ್ರ ಮ್ಯಾಲಿನ ಗಾಲಿ ಎತ್ತಿ ಗಾಡಿ ಮಗ್ಗಲಾಗ್ತದ, ನೆಟ್ಟಗ ಹತ್ತಿದ್ರ ಹಿಂದಕ್ಕ ಹೊಳ್ಳಿ ಬೀಳ್ತದ.

ಟಾಯರ್ ಗಾಳಿ ಬಗ್ಗೆ ಪಂಪಿನ ಹುಡುಗನ ಕೈಗೆ ಕೊಡಬ್ಯಾಡ್ರಿ. ಇವು ಕಮ್ಮಿ ಗಾಳಿ ಟಾಯರ್, ಬೈಕಿಗೆ 25–30 ಪಿಎಸ್‌ಐ ಹಾಕಿದಂಗ ಹಾಕಿದ್ರ ಗಾಡಿ ಚಂಡಿನಂಗ ಪುಟೀತದ. ಟಾಯರ್ ಗ್ವಾಡಿ ಮ್ಯಾಲ ಎಷ್ಟು ಬರದದೋ ಅದನ್ನ ದಾಟಬಾರದು. ಸೈಕಲ್ ಪಂಪಿನಿಂದ ಹಾಕಿ, ಕಮ್ಮಿ ಗಾಳಿ ಅಳಿಯೂ ಗೇಜ್‌ನಿಂದ ನೋಡ್ರಿ. ಹಿಂದಿನ ಎರಡೂ ಟಾಯರಿನ ಸುತ್ತಳತಿ ಟೇಪ್ ಹಿಡದು ಅಳೀರಿ. ಒಂದು ದೊಡ್ಡದು ಒಂದು ಸಣ್ಣದು ಆದ್ರ ಗಟ್ಟಿ ಎಕ್ಸೆಲ್ ಇರೂದರಿಂದ ಗಾಡಿ ಒಂದ ಕಡೆ ಜಗ್ಗತದ.

ಹೊಲದಮನಿ, ತಿಕೋಟಾ

ಭಾಳ ಉಪಕಾರ ಆತ್ರಿ ಇಬ್ಬರಿಗೂ. 110 ಬಿಟ್ಟಂಗ. ಹೊಂಡ ಐತಿ, ಮೂರು ಬಾಜೂಕ ಬೇಲಿ ಐತಿ, ನಾಕನೇದೂ ಹಾಕಸ್ತೀವಿ. ಬ್ಯಾಟರಿ ಗಾಡಿ ಬಗ್ಗೆ ಯಾರೂ ಹೇಳಲಿಲ್ಲ. ಮತ್ತ ರಜೆಯೊಳಗ ಬೆಳಗಾವ್ಯಾಗ ಅತ್ತಿ ಮನ್ಯಾಗ ಇರ್ತೀವಿ, ಅಲ್ಲಿ ಲೇಔಟಿನ ಸಿಮೆಂಟ್ ರಸ್ತೆ ಖಾಲಿನ ಇರ್ತೈತಿ. ಅಲ್ಲಿ ಓಡಿಸಿದ್ರ ನಡೀತೈತೇನು?

ವೋಲ್ಟ್ ಮೀಟರ್, ವಿಜಯಪುರ

ರಸ್ತೆ ವಿಷಯ ಮೊದಲು: ಬೇಡ. ಸಿಮೆಂಟ್ ಮೇಲೆ ಹಿಡಿತ ಜಾಸ್ತಿ, ಒಳಗಾಲಿ ಜಾರುವುದಿಲ್ಲ, ಮಿಸ್ತ್ರಿಯವರು ಹೇಳಿದ ಉರುಳುವ ತೊಂದರೆ ಅಲ್ಲೇ ಹೆಚ್ಚು. ಕಾನೂನೂ ಬಿಡುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ 25 ಸಿಸಿವರೆಗಿನ ಎಂಜಿನ್‌ಗೆ ಇರುವ ವಿನಾಯಿತಿ ನಾಲ್ಕಕ್ಕಿಂತ ಕಡಿಮೆ ಗಾಲಿ ಇದ್ದರೆ ಮಾತ್ರ. ಅಂದರೆ ನಾಲ್ಕು ಗಾಲಿ ಗಾಡಿಗೆ ಆ ದಾರಿ ಇಲ್ಲ. ಸಾರ್ವಜನಿಕ ಜಾಗದಲ್ಲಿ ಗಾಡಿ ಓಡಿಸಲು 18 ವರ್ಷ ಆಗಿರಬೇಕು, 50 ಸಿಸಿವರೆಗಿನ ಮೋಟಾರ್ ಸೈಕಲ್‌ಗೆ 16. 2019ರ ತಿದ್ದುಪಡಿಯಲ್ಲಿ ಬಂದ 199ಎ ಕಲಂ ಪ್ರಕಾರ ಅಪ್ರಾಪ್ತರು ಓಡಿಸಿ ತಪ್ಪಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಹಳ್ಳಿಯ ರಸ್ತೆಯೂ ರಸ್ತೆಯೇ. ಹೊಲದಿಂದ ಹೊಲಕ್ಕೆ ಹೋಗಬೇಕಾದರೆ ಟಂಟಂ ಮೇಲೆ ಹೇರಿಕೊಂಡು ಹೋಗಿ.

ಈಗ ಬ್ಯಾಟರಿ ಗಾಡಿ. ಈ ವಯಸ್ಸಿಗೆ ನನ್ನ ಮತ ಇದಕ್ಕೇ. ಬಿಸಿ ಸೈಲೆನ್ಸರ್ ಇಲ್ಲ, ಪೆಟ್ರೋಲ್–2ಟಿ ಎಣ್ಣೆ ಬೆರೆಸುವ ಕೆಲಸ ಇಲ್ಲ, ಶಬ್ದ ಕಡಿಮೆ ಇರುವುದರಿಂದ ಹುಡುಗನಿಗೆ ನಿಮ್ಮ "ನಿಲ್ಲು" ಕೇಳಿಸುತ್ತದೆ. 36 ವೋಲ್ಟ್ ಗಾಡಿಯಲ್ಲಿ 12 ವೋಲ್ಟಿನ ಮೂರು ಬ್ಯಾಟರಿ ಸಾಲಾಗಿ ಜೋಡಿಸಿರುತ್ತಾರೆ, ಸಾಮಾನ್ಯವಾಗಿ 12 ಆಂಪಿಯರ್ ಅವರ್. ಆನ್–ಆಫ್ ಕೀಲಿಯಲ್ಲದೆ ವೇಗಕ್ಕೆ ಮೂರು ಹಂತದ ಇನ್ನೊಂದು ಕೀಲಿ ಇರುತ್ತದೆ. ಆ ವೇಗದ ಕೀಲಿಯನ್ನು ಕೆಳಗಿನ ಹಂತಕ್ಕೆ ಹಾಕಿ ತೆಗೆದು ನಿಮ್ಮ ಜೇಬಿನಲ್ಲಿಡಿ.

ಅಪಾಯ ಬೇರೆ ರೀತಿ ಇದೆ. ಎಂಜಿನ್ ಸಪ್ಪಳ ಇಲ್ಲದ್ದರಿಂದ ಗಾಡಿ ಬಂದ್ ಇದೆ ಅಂತ ತಿಳಿದು ಹುಡುಗ ಹತ್ತುವಾಗ, ಇಳಿಯುವಾಗ ಹೆಬ್ಬೆರಳು ಥ್ರಾಟಲ್‌ಗೆ (ರೇಸ್ ಲಿವರ್‌ಗೆ) ತಾಗುತ್ತದೆ, ಗಾಡಿ ಜಿಗಿಯುತ್ತದೆ. ಮೋಟಾರಿನ ಎಳೆತ ಸೊನ್ನೆ ವೇಗದಿಂದಲೇ ಪೂರ್ತಿ ಸಿಗುತ್ತದೆ. ಹತ್ತಿದ ಮೇಲೆ ಕೀಲಿ ಆನ್, ಇಳಿಯುವ ಮುಂಚೆ ಕೀಲಿ ಆಫ್, ಇದು ಬಾಯಿಪಾಠ ಆಗಬೇಕು. ಕೊಳ್ಳುವಾಗ ಒಂದು ಪರೀಕ್ಷೆ ಮಾಡಿ: ಹಿಂದಿನ ಗಾಲಿ ಎತ್ತಿ, ಥ್ರಾಟಲ್ ಒತ್ತಿ ಹಿಡಿದುಕೊಂಡೇ ಕೀಲಿ ಆನ್ ಮಾಡಿ. ಮೋಟಾರಿಗೆ ಕರೆಂಟ್ ಬಿಡುವ ಕಂಟ್ರೋಲರ್ ಒಳ್ಳೆಯದಿದ್ದರೆ ಗಾಲಿ ತಿರುಗುವುದಿಲ್ಲ. ಬ್ರೇಕ್ ಹಿಡಿದಾಗ ಮೋಟಾರಿಗೆ ಕರೆಂಟ್ ನಿಲ್ಲುತ್ತದೆಯೇ ಅದನ್ನೂ ನೋಡಿ. ಲಿವರಿನೊಳಗೆ ಸಣ್ಣ ಸ್ವಿಚ್ ಇರಬೇಕು.

ನಮ್ಮ ಕಡೆ ಬ್ಯಾಟರಿ ಸಾಯುವುದು ಬಿಸಿಲಿಗೆ, ಮತ್ತು ಖಾಲಿ ಬಿಟ್ಟದ್ದಕ್ಕೆ. ಓಡಿಸಿ ಬಂದ ಕೂಡಲೇ ಚಾರ್ಜ್‌ಗೆ ಹಾಕಬೇಡಿ, ಅರ್ಧ ತಾಸು ಆರಲಿ. ಪತ್ರಾಸ್ ಶೆಡ್ಡಿನಲ್ಲಿ ಇಡಬೇಡಿ. ಆದರೆ ರಾತ್ರಿ ಒಳಗೆ ಚಾರ್ಜ್ ಮುಗಿಸಿ. ಲೆಡ್ ಆಸಿಡ್ ಬ್ಯಾಟರಿ ಖಾಲಿಯಾಗಿ ವಾರಗಟ್ಟಲೆ ನಿಂತರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ, ಆಮೇಲೆ ಚಾರ್ಜ್ ಹಿಡಿಯುವುದಿಲ್ಲ. ಓಡಿಸದಿದ್ದರೂ ತಿಂಗಳಿಗೊಮ್ಮೆ ತುಂಬಿಸಿ. ಮಲ್ಟಿಮೀಟರ್ ಇದ್ದರೆ, ತುಂಬಿ ಆರಿದ ಮೇಲೆ ಮೂರೂ ಸೇರಿ 38 ವೋಲ್ಟಿನ ಮೇಲೆ ಇರಬೇಕು. ಓಡುವಾಗ 31.5ಕ್ಕಿಂತ ಕೆಳಗೆ ಇಳಿಸಬಾರದು. ಒಂದು ಬ್ಯಾಟರಿ ಮಾತ್ರ ಇಳಿದಿದ್ದರೆ ಮೂರನ್ನೂ ಕೂಡಿಯೇ ಬದಲಿಸಿ, ಹಳೆಯದರ ಜೊತೆ ಹೊಸದು ಜೋಡಿಸಿದರೆ ಹಳೆಯದು ಅದನ್ನೂ ಎಳೆದು ಹಾಕುತ್ತದೆ.

12 ವೋಲ್ಟಿನ ಪ್ಲಾಸ್ಟಿಕ್ ಗಾಲಿ ಆಟಿಕೆ ಗಾಡಿ ನಿಮ್ಮ ಹುಡುಗನಿಗೆ ಸಣ್ಣದಾಯಿತು, ಅದು ಇನ್ನೂ ಎಳೆಯ ಮಕ್ಕಳಿಗೆ. ಅವನಿಗೆ ತಮ್ಮನೋ ತಂಗಿಯೋ ಇದ್ದರೆ ಕ್ವಾಡಿನ ಹಿಂದೆ ಕೂರಿಸುವ ಬದಲು ಅದನ್ನೇ ಕೊಡಿಸಿ.

ಮಕ್ಕಳ ಡಾಕ್ಟರ್, ಬಾಗಲಕೋಟೆ

ಕೊನೆಯ ಸಾಲನ್ನು ಎತ್ತಿ ಹೇಳುತ್ತೇನೆ: ಒಂದು ಗಾಡಿ, ಒಂದೇ ಮಗು. ಸೀಟು ಉದ್ದ ಇರುವುದು ಸವಾರ ಮೈ ಹಿಂದೆ ಮುಂದೆ ಸರಿಸಲಿಕ್ಕೆ, ಇನ್ನೊಬ್ಬರನ್ನು ಕೂರಿಸಲಿಕ್ಕಲ್ಲ.

ಅಮೇರಿಕಾದ ಮಕ್ಕಳ ವೈದ್ಯರ ಸಂಘ 16 ವರ್ಷ ಆಗುವವರೆಗೆ ಕ್ವಾಡ್ ಓಡಿಸಲೇಬಾರದು ಅನ್ನುತ್ತದೆ, ಎಂಜಿನ್ ಎಷ್ಟೇ ಸಣ್ಣದಿರಲಿ. ವೈದ್ಯೆಯಾಗಿ ನನಗೂ ಅದೇ ಸರಿ ಅನ್ನಿಸುತ್ತದೆ. ಆರು ತುಂಬದ ಮಗುವಿಗಂತೂ ಯಾವ ಕಾರಣಕ್ಕೂ ಬೇಡ. ಆರೂವರೆಯ ಮಗು ಸೈಕಲ್ ಚೆನ್ನಾಗಿ ಹೊಡೆಯಬಹುದು. ಆದರೆ ಗಾಬರಿಯಾದಾಗ ಬೆರಳು ಬಿಡುವ ಬದಲು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಗಾಬರಿಯ ಹಿಡಿತದಲ್ಲಿ ಥ್ರಾಟಲ್ ಪೂರ್ತಿ ಒತ್ತುತ್ತದೆ. ಒಂದೆರಡು ವರ್ಷ ತಡೆದರೆ ಏನೂ ಕಳೆದುಕೊಳ್ಳುವುದಿಲ್ಲ ಅಣ್ಣಾ, ದಯವಿಟ್ಟು ಯೋಚಿಸಿ. ಕೊಡಿಸಿಯೇ ಕೊಡಿಸುತ್ತೀರಿ ಅಂದರೆ ಇಷ್ಟು ಮಾಡಿ.

ಹೆಲ್ಮೆಟ್ ಐಎಸ್ 4151 ಐಎಸ್‌ಐ ಗುರುತಿನದ್ದು, ಪೂರ್ತಿ ಮುಖ ಮುಚ್ಚುವಂಥದ್ದು. ಸೈಕಲ್ ಹೆಲ್ಮೆಟ್ ಸಾಲದು. ಹುಬ್ಬಿನ ಸ್ವಲ್ಪ ಮೇಲೆ ಟೇಪ್ ಸುತ್ತಿ ತಲೆ ಅಳೆದು, ಮಗುವನ್ನು ಅಂಗಡಿಗೆ ಕರೆದೊಯ್ದು ಹಾಕಿಸಿ ನೋಡಿ. ಪಟ್ಟಿ ಕಟ್ಟಿದ ಮೇಲೆ ಹೆಲ್ಮೆಟ್ ಅಲುಗಾಡಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಸರಿಯಬೇಕು. ಹಿಂದಿನಿಂದ ಎತ್ತಿದರೆ ಮುಂದಕ್ಕೆ ಕಳಚಿ ಬರಬಾರದು. ಬೆಳೆಯುತ್ತಾನೆ ಅಂತ ದೊಡ್ಡದು ತಂದರೆ ಬಿದ್ದಾಗ ಅದು ತಿರುಗಿ ಕಣ್ಣು ಮುಚ್ಚುತ್ತದೆ, ಭಾರಕ್ಕೆ ಕುತ್ತಿಗೆಯೂ ಸೋಲುತ್ತದೆ. ಹರಡು ಮುಚ್ಚುವ ಬೂಟು, ಪೂರ್ತಿ ಪ್ಯಾಂಟು, ಕೈಗವಸು. ಚಪ್ಪಲಿ ಬೇಡ. ಹೆಣ್ಣುಮಕ್ಕಳು ಓಡಿಸುವಾಗ ಓಢಣಿ, ಬಿಚ್ಚಿದ ಜಡೆ ಎರಡೂ ಬೇಡ.

ಬಿದ್ದ ಮೇಲೆ ಏನು ನೋಡಬೇಕು ಅನ್ನುವುದು ಹೆಚ್ಚಿನವರಿಗೆ ಗೊತ್ತಿಲ್ಲ. ಹ್ಯಾಂಡಲ್ ತುದಿ ಹೊಟ್ಟೆಗೆ ಬಡಿದರೆ ಹೊರಗೆ ಒಂದು ದುಂಡು ಕೆಂಪು ಗುರುತು ಮಾತ್ರ ಕಾಣುತ್ತದೆ. ಒಳಗೆ ಗುಲ್ಮ, ಯಕೃತ್ತು ಅಥವಾ ಮೇದೋಜ್ಜೀರಕ ಗ್ರಂಥಿಗೆ ಪೆಟ್ಟಾಗಿರಬಹುದು. ಮಗು ಎದ್ದು ಆಟವಾಡುತ್ತಿರುತ್ತದೆ, ತಾಸುಗಳಾದ ಮೇಲೆ ಹೊಟ್ಟೆನೋವು, ಎಡ ಹೆಗಲಿನ ನೋವು, ವಾಂತಿ, ಮುಖ ಬಿಳಿಚುವುದು ಶುರುವಾಗುತ್ತದೆ. ಆ ಗುರುತು ಕಂಡರೆ ನೋವಿಗೆ ಕಾಯದೆ ಅಂದೇ ಸ್ಕ್ಯಾನಿಂಗ್ ಇರುವ ಆಸ್ಪತ್ರೆಗೆ ಕರೆದೊಯ್ಯಿರಿ. ತಲೆಗೆ ಪೆಟ್ಟಾಗಿ ಒಂದಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ಮಂಪರು ಬಂದರೆ, ಮಾತು ತೊದಲಿದರೂ ಅಷ್ಟೇ. ಕುತ್ತಿಗೆ ನೋವು ಅಂದರೆ ಹೆಲ್ಮೆಟ್ ಕಿತ್ತು ಎತ್ತಿಕೊಂಡು ಓಡಬೇಡಿ. ಅಲುಗಾಡಿಸದೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಹೊಲದಮನಿ, ತಿಕೋಟಾ

ಅಕ್ಕಾರ, ನಿಮ್ಮ ಮಾತು ಮನ್ಯಾಗ ಓದಿ ಹೇಳೇನಿ. ಅವ ಏಳು ತುಂಬೂ ತನಕ ತಡೀತೀವಿ, ಆಮ್ಯಾಲ ಬ್ಯಾಟರಿದ ತಗೋತೀವಿ. ಅಷ್ಟರಾಗ ಬೇಲಿ, ಜಾಗ ಎಲ್ಲಾ ಆಗ್ತೈತಿ. ಒಂದ ಉಳೀತು: ದೊಡ್ಡವರು ಕುಂತು ನೋಡಾಕ ಬರೂದಿಲ್ಲ, ಮೀಟರೂ ಇಲ್ಲ. ಗಾಡಿ ಎಷ್ಟು ವೇಗ ಹೊಂಟೈತಿ ಅಂತ ಹೆಂಗ ತಿಳ್ಕೋಬೇಕು?

ಉದ್ಯಮಬಾಗ ಮಿಸ್ತ್ರಿ, ಬೆಳಗಾವಿ

ಸಪಾಟ ಜಾಗದಾಗ ಟೇಪ್ ಹಿಡದು 20 ಮೀಟರ್ ಅಳದು ಎರಡೂ ತುದಿಗೆ ಸುಣ್ಣದ ಗೆರಿ ಹಾಕ್ರಿ. ಮೊದಲನೇ ಗೆರಿಗಿಂತ ಐದಾರು ಮೀಟರ್ ಹಿಂದಿಂದ ಹುಡುಗ ಹೊರಡಲಿ. ಮುಂದಿನ ಗಾಲಿ ಗೆರಿ ಮುಟ್ಟಿದಾಗ ಫೋನಿನ ಸ್ಟಾಪ್‌ವಾಚ್ ಒತ್ತಿ, ಎರಡನೇ ಗೆರಿಗೆ ನಿಲ್ಲಸ್ರಿ. 9 ಸೆಕೆಂಡ್ ಆದ್ರ ತಾಸಿಗೆ 8 ಕಿ.ಮೀ., 7 ಸೆಕೆಂಡ್ ಚಿಲ್ಲರೆ ಆದ್ರ 10, ನಾಕೂವರೆ ಆದ್ರ 16. ಶುರು 8ಕ್ಕ ಮಾಡ್ರಿ. ಎರಡನೇ ಗೆರಿ ಆಚೆ 10 ಮೀಟರ್ ತೆರವು ಇರಲಿ.

ಮುಂದ ವೇಗ ಏರಿಸೂದು ಬ್ರೇಕ್ ನೋಡಿ. ಎರಡನೇ ಗೆರಿ ದಾಟಿದಾಗ ನೀವು ಕೈ ಎತ್ರಿ, ಅವ ಹೆಬ್ಬೆರಳು ಬಿಟ್ಟು ಬ್ರೇಕ್ ಹಿಡಿದು ನಿಲ್ಲಬೇಕು. 10 ಕಿ.ಮೀ. ವೇಗದಾಗ ನೋಡಿ ತಿಳಿಯಾಕ ಒಂದು ಸೆಕೆಂಡ್ ಹಿಡದ್ರ ಅಷ್ಟರಾಗ ಗಾಡಿ ಹೆಚ್ಚೂಕಮ್ಮಿ 3 ಮೀಟರ್ ಹೋಗಿರ್ತೈತಿ, ಬ್ರೇಕಿನ ದೂರ ಸೇರಿ ಗರಸು ನೆಲದ ಮ್ಯಾಲ 4–5 ಮೀಟರ್‌ದಾಗ ನಿಂತ್ರ ಬರೋಬ್ಬರಿ. 16ರಾಗ ಅದ 8 ಮೀಟರ್ ಆಗ್ತೈತಿ. ಒಮ್ಮೆ ಬರೋಬ್ಬರಿ ನಿಂತಾನಂತ ಏರಿಸಬ್ಯಾಡ್ರಿ, ಎರಡು ಮೂರು ವಾರ ಪ್ರತಿ ಸರ್ತಿನೂ ನಿಂತ್ರ ಲಿಮಿಟರ್ ಸ್ಕ್ರೂ ಅರ್ಧ ಸುತ್ತು ಬಿಚ್ರಿ, ಲಾಕ್ ನಟ್ ಮತ್ತ ಬಿಗೀರಿ, 20 ಮೀಟರ್ ಮತ್ತೊಮ್ಮೆ ಅಳೀರಿ. ಬ್ಯಾಟರಿ ಗಾಡಿಗೆ ಆ ಸ್ಕ್ರೂ ಇಲ್ಲಂದ್ರ ಕೆಳಗಿನ ಹಂತದಾಗ ಎಷ್ಟು ಬರ್ತೈತಿ ಅಂತ ಅಂಗಡಿಯವರ ಮುಂದನ ಅಳದು ತಗೋರಿ. ಆ ಹಂತನ 10 ದಾಟತಿದ್ರ ಬ್ಯಾರೆ ಗಾಡಿ ನೋಡ್ರಿ.